ಸಾಹೇಬ್ರು ಬಂತು

ಹೋದ ವಾರ ಹಾನಗಲ್ಲಿನ ಒಂದು ಸಭಾಭವನದಲ್ಲಿ ಮೈಕನ್ನು ಬಾಯಿಯ ಹತ್ತಿರ ತಂದುಕೊಂಡೆ. ಅದರ ಸ್ಪಂಜಿನಿಂದ ಗಬ್ಬು ವಾಸನೆ ಹೊಡೆಯಿತು. ಎಷ್ಟೋ ಜನ ಭಾಷಣಕಾರರ ಎಂಜಲು, ಗುಟ್ಕಾ, ಏಲಕ್ಕಿ, ಹುಳಿತ ಉಸಿರು ಎಲ್ಲ ಸೇರಿ ಒಣಗಿದ ವಾಸನೆ. ಕರ್ಚೀಫು ಮೂಗಿಗೆ ಹಿಡಿಯುವಂತಿರಲಿಲ್ಲ, ಎದುರಿಗೆ ಕ್ಯಾಮೆರಾ ಇತ್ತು...

ಕೂಲಿಯವರ ಮಕ್ಕಳಿಗೆ ಧೈರ್ಯವಾಗಿ ಮಾತಾಡಲು ಕಲಿಸುವ ಶಿಬಿರದ ಕೊನೆಯ ದಿನ ಅದು. ಕಲಿಸಿದವಳು ನಾನೇ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ಊರೂರು ತಿರುಗಿ ಇದನ್ನೇ ಮಾಡುತ್ತೇನೆ. ಬೆಳಿಗ್ಗೆ ಮಾಸೂರಿನ ಒಂದು ಹುಡುಗಿ ನನ್ನ ಸೆರಗು ಜಗ್ಗಿ, "ಮೇಡಂ, ನಮ್ಮವ್ವ ಗದ್ದ್ಯಾಗ ನಾಟಿ ಹಚ್ಚೂ ಮುಂದ ಹೆಂಗ ನಗಸ್ತಾಳ ಅಂತ ಹೇಳ್ಲೇನ್ರಿ?" ಎಂದು ಕೇಳಿದ್ದಳು. ಶಿಬಿರ ನಡೆಸುವ ನಮ್ಮ ಸಂಸ್ಥೆಯವರು ಬೇಡವೆಂದರು. ಬರೆದುಕೊಟ್ಟಿದ್ದನ್ನು ಹೇಳಿದರೆ ಸಾಕಂತೆ. ನಾನೂ ತಲೆಯಾಡಿಸಿದೆ. ಆಮೇಲೆ ಒಂದರ ಹಿಂದೆ ಒಂದು ಮಕ್ಕಳು ಬಂದು, ಒಂದೇ ರಾಗದಲ್ಲಿ, "ನಾನು ಬಡವರ ಮನೆಯ ಮಗು, ನನಗೆ ಮಾತೇ ಬರುತ್ತಿರಲಿಲ್ಲ, ಈ ಸಂಸ್ಥೆ ನನಗೆ ದನಿ ಕೊಟ್ಟಿತು" ಎಂದು ಒಪ್ಪಿಸಿ ಹೋದವು. ವೇದಿಕೆಯ ಮೇಲಿದ್ದವರು ಕಣ್ಣೊರೆಸಿಕೊಂಡು ಗೋಡಂಬಿ ತಿಂದರು. ನನಗೆ ಅವರನ್ನು ಕಂಡು ಬಂದ ಹೇಸಿಗೆಗಿಂತ ನನ್ನನ್ನು ಕಂಡು ಬಂದದ್ದು ಹೆಚ್ಚು. ಆ ಮೈಕಿನ ವಾಸನೆ ನನಗೆ ಹೊಸದಲ್ಲ. ಮೊದಲು ಅದು ಮೂಗಿಗೆ ಬಡಿದದ್ದು ನಮ್ಮೂರು ಸವಣೂರಿನಲ್ಲಿ, ನಾನು ಆರನೇ ಕ್ಲಾಸಿನಲ್ಲಿದ್ದಾಗ. ಅದರ ಜೊತೆಗೆ ಚಾಚಾ ನೆನಪಾದರು.

ನಮ್ಮ ಅವ್ವ ಎಲೆ ಪೇಟೆಯಲ್ಲಿ ವೀಳ್ಯದೆಲೆ ಜೋಡಿಸುವ ಕೂಲಿ ಮಾಡುತ್ತಿದ್ದಳು. ಅಲ್ಲಿ ಎಲೆಯ ಹರಾಜು, ನಮ್ಮ ಕಡೆಯ ಮಾತಿನಲ್ಲಿ ಲಿಲಾವು, ಕೂಗುತ್ತಿದ್ದವರು ಚಾಚಾ. ಊರಿಗೆಲ್ಲ ಅವರು ಚಾಚಾನೇ. ಕಂಚಿನ ಕಂಠ. ಪೇಟೆಯಲ್ಲಿ ಅವರು ಬಾಯಿ ತೆರೆದರೆ ನಮ್ಮ ಶಾಲೆಯಲ್ಲಿ ಪಾಠ ನಿಲ್ಲುತ್ತಿತ್ತು. ಮನೆಮಾತು ಉರ್ದು. ಕನ್ನಡದಲ್ಲಿ ಗಂಡು ಹೆಣ್ಣು, ಹಿರಿಯ ಕಿರಿಯ ಎಂಬ ಭೇದ ಅವರಿಗೆ ಕೊನೆಯವರೆಗೂ ಹಿಡಿತಕ್ಕೆ ಸಿಗಲಿಲ್ಲ. ಎಮ್ಮೆಯೂ ಬಂತು, ಮಾಸ್ತರರೂ ಬಂತು, ಸ್ವಂತ ಅಪ್ಪನೂ ಬಂತು! ನಮ್ಮ ಕಡೆ ಸಣ್ಣ ಹುಡುಗಿಗೆ 'ಬಂತು' ಅನ್ನುವುದುಂಟು, ಅದು ಪ್ರೀತಿ. ದೊಡ್ಡವರಿಗೆ ಅಂದರೆ ಮಾತ್ರ ದನಕ್ಕೆ ಸಮ ಮಾಡಿದಂತೆ. ಚಾಚಾ ಹಾಗೆ ಅಂದರೆ ಮಾತ್ರ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ, ನಕ್ಕು ಎಲೆ ಕಟ್ಟಿಸಿಕೊಂಡು ಹೋಗುತ್ತಿದ್ದರು.

ನಾನು ಆಗ ತುಟಿಪಿಟಕ್ಕೆನ್ನದ ಹುಡುಗಿ. ಹಾಜರಿ ಕೂಗಿದಾಗ "ಹಾಜರ್ ರೀ" ಅನ್ನಲೂ ದನಿ ಹೊರಡದೆ, ಶಾಲೆಗೆ ಬಂದಿದ್ದರೂ ಗೈರುಹಾಜರಿ ಬೀಳುತ್ತಿತ್ತು. ನನ್ನಂಥವರು ಕ್ಲಾಸಿನಲ್ಲಿ ಅರ್ಧ ಜನ. ನಮ್ಮ ಹೆಡ್ ಮಾಸ್ತರರು ಒಂದು ದಿನ ಎಲೆ ಕೊಳ್ಳಲು ಹೋದವರು, "ನಿಮ್ಮ ದನಿಯೊಳಗ ಒಂದಿಷ್ಟು ನಮ್ಮ ಹುಡುಗರಿಗೆ ಕೊಡ್ರಿ ಚಾಚಾ" ಎಂದು ಚೇಷ್ಟೆ ಮಾಡಿದರಂತೆ. ಚಾಚಾ ಅದನ್ನು ಚೇಷ್ಟೆ ಎಂದು ತಿಳಿಯಲಿಲ್ಲ. ಮುಂದಿನ ಶನಿವಾರ ಲಿಲಾವು ಮುಗಿಸಿ, ಟೋಪಿ ಸರಿಮಾಡಿಕೊಳ್ಳುತ್ತ ಶಾಲೆಗೆ ಬಂದೇಬಿಟ್ಟರು.

ಅವರ ಪಾಠ ಬಹಳ ಸರಳ. ಒಬ್ಬೊಬ್ಬರನ್ನೇ ಗೇಟಿನ ಹತ್ತಿರ ನಿಲ್ಲಿಸಿ, ತಾವು ನಾಲ್ಕು ಹೆಜ್ಜೆ ಆಚೆ ನಿಲ್ಲುವರು. ಅವರಿಗೆ ಗೊತ್ತಿಲ್ಲದ ಒಂದು ಸುದ್ದಿ ನಾವು ಹೇಳಬೇಕು. ಕೇಳಿಸಿದರೆ ಒಂದು ಹೆಜ್ಜೆ ಹಿಂದೆ ಸರಿದು ಇನ್ನೊಂದು ಸುದ್ದಿ ಕೇಳುವರು. ಕೇಳಿಸದಿದ್ದರೆ ಕಿವಿಗೆ ಕೈ ಹಚ್ಚಿ ನಿಂತಲ್ಲೇ ನಿಲ್ಲುವರು. ಬೈಯುತ್ತಿರಲಿಲ್ಲ, ಅವಸರವೂ ಇಲ್ಲ. ಮೊದಲ ಶನಿವಾರ ನನ್ನ ಎದುರು ಎಷ್ಟು ಹೊತ್ತು ನಿಂತಿದ್ದರೋ... ಕೊನೆಗೆ ನಾನು ಅಳುತ್ತ, "ನಮ್ಮ ಬೆಕ್ಕು ಮರಿ ಹಾಕೇತ್ರಿ" ಎಂದೆ. "ಎಷ್ಟು ಹಾಕೇತಿ? ಬಣ್ಣ ಏನೈತಿ? ಪೇಟಿಗೆಲ್ಲಾ ಕೇಳ್ಬೇಕು, ಹೇಳು ಬೇಟಿ!" ಎಂದು ಅವರು ಒಂದು ಹೆಜ್ಜೆ ಹಿಂದೆ ಸರಿದಾಗ ನನಗಾದ ಹಿಗ್ಗು ಈಗಲೂ ಮೈಯಲ್ಲಿದೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನು ಅವರು ಪ್ರತಿ ಶನಿವಾರ ಹೇಳುತ್ತಿದ್ದರು, ಅದರಲ್ಲೂ ಏನೋ ತಪ್ಪು ಮಾಡುತ್ತಿದ್ದರು. ದೀಪಾವಳಿ ಸೂಟಿ ಬರುವ ಹೊತ್ತಿಗೆ ಅವರು ಅಂಗಳದ ಆಚೆ ಕೊನೆಯ ಹುಣಸೆಮರಕ್ಕೆ ಬೆನ್ನು ಹಚ್ಚಿ ನಿಂತು ನನ್ನ ಮಾತು ಕೇಳುತ್ತಿದ್ದರು.

ದನಿ ಬಂದ ಮೇಲೆ ನಾವು ಮೊದಲು ಮಾಡಿದ ಕೆಲಸ ಅವರನ್ನೇ ಅಣಕಿಸಿದ್ದು. ಅವರು ಅತ್ತ ಹೋದರೆ ಸಾಕು, ಇತ್ತ ನಾವು "ಚಾಚಾ ಹೋಯ್ತು, ಮಾಸ್ತರ್ ಬಂತು" ಎಂದು ಬಿದ್ದು ಬಿದ್ದು ನಗುತ್ತಿದ್ದೆವು. ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದವಳು ನಾನು.

ಆ ವರ್ಷ ಶಾಲೆಗೆ ಪಾಟಿಚೀಲ ಹಂಚಲು ಯಾರೋ ದೊಡ್ಡ ಸಾಹೇಬರು ಬರುವವರಿದ್ದರು. ಅಂಗಳಕ್ಕೆ ಸಗಣಿ ನೀರು ಹೊಡೆದು ರಂಗೋಲಿ ಹಾಕಿದ್ದರು. ಸ್ವಾಗತದ ಮಾತು ನನಗೆ ಬಿತ್ತು. ಅತಿಥಿಗಳ ತಾಂಬೂಲಕ್ಕೆಂದು ಚಾಚಾ ತಾವಾಗಿಯೇ ಎಳೆಯ ಎಲೆಯ ಒಂದು ಕಟ್ಟು ತಂದು, ಹಿಂದೆ ಹುಣಸೆಮರದ ಹತ್ತಿರ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದರು. ಅವರ ಕಣ್ಣೆಲ್ಲ ನನ್ನ ಮೇಲೆ. ಗೇಟಿನಲ್ಲಿ ಜೀಪು ನಿಂತಿತು. "ಲಗೂನ ಹೇಳವಾ, ಎಲ್ಲಾರೂ ಎದ್ದ ನಿಲ್ಲಲಿ!" ಎಂದು ಹೆಡ್ ಮಾಸ್ತರರು ಆ ನಾರುವ ಮೈಕನ್ನು ನನ್ನ ಬಾಯಿಗೆ ತುರುಕಿದರು. ಕಲಿತ ಸ್ವಾಗತವೆಲ್ಲ ಮರೆತುಹೋಯಿತು. ದಿನಾ ಅಣಕಿಸಿ ನಾಲಿಗೆಯ ಮೇಲೆ ಕೂತಿದ್ದೇ ಹೊರಬಿತ್ತು.

"ಸಾಹೇಬ್ರು ಬಂತು!"

ಇಡೀ ಅಂಗಳ ಹೋ ಎಂದು ನಕ್ಕಿತು. ಸಾಹೇಬರ ಮುಖ ಕಪ್ಪಿಟ್ಟಿತು. ಹೆಡ್ ಮಾಸ್ತರರು ಎಲ್ಲರೆದುರು ನನ್ನ ಕಿವಿ ಹಿಂಡಿ, "ಯಾರ ಕಲಿಸ್ಯಾರ ನಿನಗ ಹಿಂಗ ಮಾತಾಡಾಕ?" ಎಂದು ಹಲ್ಲು ಕಡಿದರು. ಮೈಕು ಇನ್ನೂ ನನ್ನ ಮುಂದೆಯೇ ಇತ್ತು. ನಾನು ಅಣಕಿಸಿದ್ದು ಎಂದು ಹೇಳಬಹುದಿತ್ತು. ಸುಮ್ಮನಾದರೂ ಇರಬಹುದಿತ್ತು, ಸುಮ್ಮನಿರುವುದರಲ್ಲಿ ನನಗಿಂತ ಜಾಣೆ ಯಾರಿದ್ದರು? ಕೈ ಎತ್ತಿ ಹುಣಸೆಮರದ ಕಡೆ ತೋರಿಸಿ, ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. "ಆ ಚಾಚಾ ಕಲಿಸ್ಯಾರ್ರೀ."

ಎಲ್ಲರ ಕತ್ತು ಆ ಕಡೆ ತಿರುಗಿತು. ಚಾಚಾ ನಡೆದು ಬಂದರು, ಕೈ ಮುಗಿದರು. "ಖರೇ ಐತ್ರಿ ಸಾಹೇಬ್ರ. ನನ್ನ ಕನ್ನಡ ಹಂಗ ಐತ್ರಿ. ಹುಡುಗೀದು ತಪ್ಪಿಲ್ರಿ, ಕಿವಿ ಬಿಡ್ರಿ" ಎಂದರು. ನಾವು ಅಣಕಿಸುತ್ತಿದ್ದುದು ಅವರಿಗೆ ಗೊತ್ತಿತ್ತು, ಗೊತ್ತಿಲ್ಲದೆ ಇರಲು ಅವರೇನು ಕಿವುಡರೇ? ಎಲೆಯ ಕಟ್ಟನ್ನು ಮೇಜಿನ ಮೇಲಿಟ್ಟು ಹೋದರು. "ಕಂಡ ಕಂಡವರನ್ನ ಸಾಲಿಯೊಳಗ ಬಿಟ್ಟುಕೊಂಡ್ರ ಹಿಂಗ ಆಗತೈತಿ ನೋಡ್ರಿ" ಎಂದು ಹೆಡ್ ಮಾಸ್ತರರು ಸಾಹೇಬರ ಮುಂದೆ ಹಲ್ಲು ಕಿಸಿದರು. ಊಟವಾದ ಮೇಲೆ ಇಬ್ಬರೂ ಅದೇ ಎಲೆ ಹಾಕಿಕೊಂಡು, ನಮ್ಮ ಕ್ಲಾಸಿನ ಗೋಡೆಯ ಮೂಲೆಗೆ ಪಿಚಕ್ಕನೆ ಉಗುಳಿದರು. ಆ ಕೆಂಪು ಎಷ್ಟೋ ದಿನ ಅಲ್ಲೇ ಇತ್ತು, ನೊಣ ಮುತ್ತುತ್ತಿತ್ತು. ನಾನು ಅದರ ಪಕ್ಕದಲ್ಲೇ ಕೂತು ಹೊಸ ಪಾಟಿಚೀಲದಿಂದ ಪುಸ್ತಕ ತೆಗೆಯುತ್ತಿದ್ದೆ. ಚಾಚಾ ಮತ್ತೆ ಶಾಲೆಗೆ ಬರಲಿಲ್ಲ.

ಪೇಟೆಯಲ್ಲಿ ಎದುರಾದಾಗೆಲ್ಲ ಮೊದಲಿನಂತೆಯೇ ಮಾತಾಡಿಸುತ್ತಿದ್ದರು. ನಾನು ಚರ್ಚಾಸ್ಪರ್ಧೆಯಲ್ಲಿ ಗೆದ್ದಾಗ ಎಲೆ ಜೋಡಿಸುವವರಿಗೆಲ್ಲ ಬೆಲ್ಲ ಹಂಚಿದರೆಂದು ಅವ್ವ ಹೇಳಿದಳು. ಈ ನೌಕರಿ ಸಿಕ್ಕಾಗಲೂ ಅವರ ಮುಂದೆ ಹೋಗಿ ನಿಂತೆ, ಮಳೆ ಬೆಳೆಯ ಮಾತಾಡಿ, ಎಲೆಯ ದರ ಕೇಳಿ ಬಂದೆ. ಹೋದ ವರ್ಷ ಅವ್ವ ಫೋನು ಮಾಡಿ, "ಚಾಚಾ ಹೋದರವಾ" ಎಂದಳು. ಶಿಗ್ಗಾವಿಯಲ್ಲಿ ಶಿಬಿರವಿತ್ತು. ಮಣ್ಣಿಗೆ ಹೋಗಲಿಲ್ಲ.

ಹಾನಗಲ್ಲಿನ ವೇದಿಕೆಯ ಮೇಲೆ ಮೈಕು ಹಿಡಿದಾಗ ಇದನ್ನೆಲ್ಲ ಹೇಳಿಬಿಡಬೇಕು ಅನ್ನಿಸಿತ್ತು. ಹೇಳಲಿಲ್ಲ. ಆತ್ಮವಿಶ್ವಾಸ, ಪರಿಶ್ರಮ ಎಂದು ಅದದೇ ಹಳಸಲು ಬಡಿಸಿ ಚಪ್ಪಾಳೆ ಹೊಡೆಸಿಕೊಂಡು ಇಳಿದೆ. ಮಾಸೂರಿನ ಹುಡುಗಿ ಬಸ್ಸು ಹತ್ತುವ ಮೊದಲು ಬಂದು ನನಗೆ ಕೈ ಮುಗಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಊರ ಮಕ್ಕಳ ಬಾಯಿ ಬಿಡಿಸಿ ಹೊಟ್ಟೆ ಹೊರೆಯುವವಳು ನಾನು. "ಚಾಚಾ, ತಪ್ಪು ನನ್ನದು" ಎಂಬ ಮೂರು ಮಾತನ್ನು ಇಪ್ಪತ್ತು ವರ್ಷವಾದರೂ ಅವರೆದುರು ಆಡಲಿಲ್ಲ. ಈಗ ಯಾರ ಮುಂದೆ ಆಡಿದರೂ ಅದು ಬರೀ ಭಾಷಣ.