ತಂಗಿಯ ಚೇಚಿ

ಮೊನ್ನೆ ಪುತ್ತೂರಿನಲ್ಲಿ ನನ್ನ ರವಿಕೆಗೆ ಹೊಂದುವ ನೂಲು ಕೇಳಲೆಂದು ಟೈಲರ್ ಅಂಗಡಿಯ ಮೆಟ್ಟಿಲು ಹತ್ತಿದಾಗ ಹೊಲಿಗೆ ಮೆಷಿನಿನ ಎಣ್ಣೆಯ ವಾಸನೆ ಬಂತು. ಕಡಬದ ಚೇಚಿ ನೆನಪಾದರು…

ನಮ್ಮ ಬಾಡಿಗೆ ಮನೆಯ ಪಕ್ಕದಲ್ಲೇ ಅವರ ಹೊಲಿಗೆ ಅಂಗಡಿ. ಕೇರಳದಿಂದ ಬಂದು ರಬ್ಬರ್ ತೋಟ ಹಾಕಿದ ಕ್ರೈಸ್ತ ಕುಟುಂಬದವರು. ಪೇಟೆಯವರೆಲ್ಲ ಅವರನ್ನು ಅವರ ಭಾಷೆಯಲ್ಲೇ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದರು. ಆಗ ನನ್ನ ತಂಗಿಗೆ ಇಪ್ಪತ್ತೆರಡು. ಬೇರೆ ಯಾರಿಗೂ ಕೇಳಿಸದ ದನಿಗಳು ಅವಳಿಗೆ ಕೇಳಿಸತೊಡಗಿ ವರ್ಷವಾಗಿತ್ತು. ಅಪ್ಪ ಅಮ್ಮ ಇರಲಿಲ್ಲ. ಬಂದ ಸಂಬಂಧ ಬೇಡವೆಂದು ನಾನು ಮನೆಯಲ್ಲೇ ಬೀಡಿ ಕಟ್ಟುತ್ತಾ ಅವಳನ್ನು ನೋಡಿಕೊಂಡೆ. ಮಾತ್ರೆ, ಸ್ನಾನ, ಡಾಕ್ಟರ ಬಳಿ ಹೋಗುವುದು, ಎಲ್ಲವೂ ನನ್ನದೇ. ಆದರೂ ಅವಳು ನನ್ನೊಡನೆ ಮಾತು ಬಿಟ್ಟಿದ್ದಳು.

ಒಂದು ಬೆಳಿಗ್ಗೆ ಅವಳು ಮನೆಯಲ್ಲಿ ಕಾಣಲಿಲ್ಲ. ಗಾಬರಿಯಿಂದ ಹೊರಗೆ ಓಡಿದರೆ, ಚೇಚಿಯ ಅಂಗಡಿಯಲ್ಲಿ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ಚೇಚಿ ಏನೋ ಹೇಳಿದರು, ಅವಳು ನಕ್ಕಳು. ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು.

ದಿನವೂ ಹೋಗತೊಡಗಿದಳು. ನಾನು ತಲೆ ಮುಟ್ಟಿದರೆ ಕಿರುಚುವವಳು ಚೇಚಿಯ ಬಾಚಣಿಗೆಗೆ ಸುಮ್ಮನೆ ತಲೆ ಕೊಡುತ್ತಿದ್ದಳು. ಒಮ್ಮೆ ಗಿರಾಕಿಯೊಬ್ಬರು, "ಇವಳನ್ನು ಯಾಕೆ ಇಲ್ಲಿ ಕೂರಿಸಿದ್ದು ಮಾರಾಯ್ರೆ?" ಎಂದರು.

"ನನಗೆ ಕೆಲಸಕ್ಕೆ ಜನ ಬೇಕಲ್ಲ. ನಿಮಗೆ ಹೆದರಿಕೆ ಆದ್ರೆ ಹೊರಗೆ ನಿಲ್ಲಿ, ಬಟ್ಟೆ ಅಲ್ಲಿಗೇ ಕೊಡ್ತೇನೆ" ಎಂದರು ಚೇಚಿ.

ಬೀದಿಯೆಲ್ಲ ಅವರನ್ನು ಹೊಗಳಿತು. ನನ್ನನ್ನು ಯಾರೂ ಹೊಗಳಲಿಲ್ಲ.

ಕೊನೆಗೊಂದು ಮಧ್ಯಾಹ್ನ ಅಂಗಡಿಗೆ ನುಗ್ಗಿದೆ. "ನನ್ನ ತಂಗಿಯನ್ನು ಇಟ್ಕೊಂಡು ನೀವು ಒಳ್ಳೆಯವರಾಗುದು ಬೇಡ" ಎಂದು ಕೂಗಿ ಅವಳನ್ನು ಎಳೆದು ತಂದೆ.

ಮೂರು ದಿನ ತಂಗಿ ಸರಿಯಾಗಿ ಉಣ್ಣಲಿಲ್ಲ. ಮಾತ್ರೆ ಉಗುಳಿದಳು. ನಾಲ್ಕನೆಯ ದಿನ ನಾನೇ ಹೋಗಿ ಚೇಚಿಯ ಬಾಗಿಲಲ್ಲಿ ನಿಂತೆ.

"ನೀವು ಅವಳಿಗೆ ಎಂತ ಮಾಡಿದ್ದು?" ಕೇಳುವಾಗಲೇ ಅಳು ಬಂತು.

"ಎಂತದೂ ಇಲ್ಲ ಮಗಳೇ. ನೀನು ಮಾತ್ರೆ ತಿಂದ್ಯಾ ಅಂತ ಕೇಳ್ತಿ. ನಾನು ಈ ಬಟ್ಟೆಗೆ ಯಾವ ನೂಲು ಅಂತ ಕೇಳುದು. ಮಾತ್ರೆ ಕೊಡ್ಲಿಕ್ಕೆ ನೀನು ಇದ್ದಿ. ಹಾಗಾಗಿ ನನಗೆ ನೂಲು ಕೇಳ್ಲಿಕ್ಕೆ ಆಗುದು."

ಮೆಷಿನ್ ಮುಚ್ಚಿ ನನ್ನ ಜೊತೆ ಬಂದರು. ಅಂದು ತಂಗಿ ಉಂಡಳು, ಅವರ ಕೈಯಿಂದ…

ಮುಂದಿನ ವರ್ಷಗಳಲ್ಲಿ ತಂಗಿ ಅವರ ಅಂಗಡಿಯಲ್ಲೇ ಹೊಲಿಗೆ ಕಲಿತಳು. ದನಿಗಳು ಪೂರ್ತಿ ಹೋಗಿಲ್ಲ, ಆದರೆ ಅವುಗಳ ನಡುವೆಯೇ ಅವಳು ಲಂಗ, ರವಿಕೆ ಹೊಲಿಯುತ್ತಾಳೆ.

ಚೇಚಿ ಹೋದ ವರ್ಷ ತೀರಿಕೊಂಡರು. ಇಗರ್ಜಿಯಲ್ಲಿ ಶವಪೆಟ್ಟಿಗೆಯ ಪಕ್ಕ ಕುಸಿದು ತಂಗಿ ಅತ್ತದ್ದನ್ನು ಹಿಂದೆ ನಿಂತು ನೋಡಿದೆ. ನನಗಾಗಿ ಹೀಗೆ ಅಳುತ್ತಾಳೆಯೇ ಎಂಬ ಯೋಚನೆ ಅಲ್ಲಿಯೂ ಬಂತು. ಅಂದು ಕೂಗಾಡಿದ್ದಕ್ಕೆ ನಾನು ಅವರಲ್ಲಿ ತಪ್ಪಾಯಿತು ಎಂದಿರಲಿಲ್ಲ. ಇನ್ನು ಹೇಳಲು ಅವರಿಲ್ಲ.

ಈಗಲೂ ಹೊಲಿದದ್ದು ಚೆಂದ ಬಂದರೆ ತಂಗಿ, "ಚೇಚಿ ಇದ್ದಿದ್ರೆ ನೋಡ್ತಿದ್ರು" ಎನ್ನುತ್ತಾಳೆ. ಎದುರಿಗೆ ಕೂತು ನೋಡುತ್ತಿರುವವಳು ನಾನು. "ಹೌದು, ಇರ್ಬೇಕಿತ್ತು" ಎನ್ನುತ್ತೇನೆ.