ಬೇಲಿಯವನು ದೋಣಿಗೆ ನೆಲ ಹಾಕಿದ್ದು

ಲೆಸ್ಟರ್ ಕ್ವಿಗ್ಲಿ ಜೀವಮಾನವನ್ನೆಲ್ಲ ಬೇಲಿ ಹಾಕುವುದರಲ್ಲೇ ಕಳೆದ. ಪೋರ್ಟ್ ಹ್ಯಾರೋದಿಂದ ಉಪ್ಪಿನ ಸರೋವರದವರೆಗೆ ಕುರಿಗಳನ್ನು ಅವುಗಳ ಜಾಗದಲ್ಲಿ ಇಟ್ಟವನು ಅವನೇ. ಕುರಿಗಳು ಸತ್ತವು, ಕುರಿಗಳ ಒಡೆಯರೂ ಸತ್ತರು, ಬೇಲಿಗಳು ಮಾತ್ರ ನಿಂತಿದ್ದವು. ಭಾನುವಾರ ಕಾರಿನಲ್ಲಿ ಹೋಗುವಾಗ ಅವನು ವೇಗ ತಗ್ಗಿಸಿ, ಬೇರೆಯವರು ಮೊಮ್ಮಕ್ಕಳನ್ನು ನೋಡುವ ಹಾಗೆ ತನ್ನ ಕಂಬಗಳನ್ನು ನೋಡುತ್ತಿದ್ದ. ಅವನಿಗೆ ಮೊಮ್ಮಕ್ಕಳೂ ಇದ್ದರು; ಆದರೆ ಅವರು ನೆಟ್ಟಗೆ ನಿಲ್ಲುತ್ತಿರಲಿಲ್ಲ.

ನಿವೃತ್ತನಾದ ಮೇಲೆ ಅವನಿಗೆ ಉಳಿದದ್ದು ಒಂದು ಸಣ್ಣ ಅಲ್ಯೂಮಿನಿಯಂ ದೋಣಿ. ಅದರ ನೆಲ ಮಾತ್ರ ಪ್ಲೈವುಡ್ಡಿನದು. ಮೇಲಿನ ಕಾರ್ಪೆಟ್ಟು ಕೆಳಗಿನ ಕೊಳೆತವನ್ನು ಬಹಳ ಕಾಲ ಮುಚ್ಚಿಟ್ಟಿತ್ತು. ಒಂದು ದಿನ ಕಡಲ ನಡುನೀರಿನಲ್ಲಿ ಹೆಂಡತಿ ಥೆಲ್ಮಾ ಮೊಟ್ಟೆಯ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಎದ್ದು ನಿಂತಳು. ನಿಂತಲ್ಲೇ ಅವಳ ಒಂದು ಕಾಲು ಮೊಣಕಾಲಿನವರೆಗೆ ನೆಲದೊಳಗೆ ಇಳಿಯಿತು. ತಟ್ಟೆ ಅಲುಗಲಿಲ್ಲ.

"ಲೆಸ್ಟರ್, ತಟ್ಟೆ ಹಿಡ್ಕೋ," ಎಂದಳು. ಅವನು ಹಿಡಿದುಕೊಂಡ ಮೇಲೆ, "ಈಗ ನನ್ನನ್ನ ಎತ್ತು."

ದಂಡೆಗೆ ಬಂದು ತೀರ್ಪು ಕೊಟ್ಟಳು: "ನೀನು ಸತ್ತ ಮೇಲೂ ಇರೋ ಅಂಥ ನೆಲ ಹಾಕು. ಅಲ್ಲೀತನಕ ಈ ಡಬ್ಬಕ್ಕೆ ನಾನು ಕಾಲಿಡಲ್ಲ."

ಇದು ಸಣ್ಣ ಶಿಕ್ಷೆಯಲ್ಲ. ಕಾಣೆ ಮೀನು ಎಲ್ಲಿದೆ ಎಂಬುದು ಥೆಲ್ಮಾಳಿಗೆ ಗೊತ್ತಾಗುತ್ತಿತ್ತು. ಹೇಗೆ ಎಂದು ಅವಳು ಹೇಳುತ್ತಿರಲಿಲ್ಲ. ಲೆಸ್ಟರ್ ಒಬ್ಬನೇ ಹೋದರೆ ಸಿಗುತ್ತಿದ್ದುದು ಬಿಸಿಲು ಮಾತ್ರ. ಅದಕ್ಕಿಂತ ದೊಡ್ಡ ಕಷ್ಟ, ಅವರಿಬ್ಬರೂ ಮಾತಾಡುತ್ತಿದ್ದುದೇ ದೋಣಿಯಲ್ಲಿ. ಮನೆಯಲ್ಲಿ ಟಿವಿ ಮಾತಾಡುತ್ತಿತ್ತು.

ಲೆಸ್ಟರ್ ಸಾಮಗ್ರಿ ಹುಡುಕಲು ಹೊರಟ. ಹೊಸ ಪ್ಲೈವುಡ್ಡಿಗೆ ಅಂಚು ಬಿಡದೆ ನೀರು ತಡೆಯುವ ಎಪಾಕ್ಸಿ ಅಂಟು ಬಳಿದರೆ ಹದಿನೈದು ವರ್ಷ ಬರುತ್ತದೆ ಎಂದ ಅಂಗಡಿಯವನು.

"ನಾನು ಅದಕ್ಕಿಂತ ಜಾಸ್ತಿ ಬದುಕಿಬಿಟ್ರೆ?" ಎಂದು ಲೆಸ್ಟರ್ ಕೇಳಿದ. ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿದ.

ಲೆಸ್ಟರ್ ಬೇರೆ ಬೇರೆ ತುಂಡುಗಳನ್ನು ತಂದು ಅಡುಗೆಮನೆ ಬಾಗಿಲ ಹೊರಗೆ ಒಂದೊಂದಾಗಿ ಹಾಸಿ, ಥೆಲ್ಮಾ ಅವುಗಳ ಮೇಲೆ ನಡೆಯುವುದನ್ನು ನೀರಿನ ಟ್ಯಾಂಕಿನ ಮರೆಯಿಂದ ಗಮನಿಸಿದ. ಉಬ್ಬುಗೆರೆಯ ಅಲ್ಯೂಮಿನಿಯಂ ಹಾಳೆ ಬಿಸಿಲಿಗೆ ಕಾದು, ಮೇಲೆ ಕಾಲಿಟ್ಟ ಮನೆಯ ನಾಯಿಯನ್ನು ಪಕ್ಕದ ಮನೆಗೆ ಹಾರಿಸಿತು. ಪ್ಲಾಸ್ಟಿಕ್ ಹಲಗೆ ಮಧ್ಯಾಹ್ನದ ಹೊತ್ತಿಗೆ ಬಾಳೆಹಣ್ಣಿನಂತೆ ಬಾಗಿತು.

"ನಾನೇನು ಕುರಿನಾ, ಟ್ಯಾಂಕ್ ಹಿಂದಿಂದ ನೋಡೋಕೆ?" ಎಂದು ಥೆಲ್ಮಾ ಕೂಗಿದಳು.

ಕುರಿ ಎಂದೊಡನೆ ಲೆಸ್ಟರ್‌ಗೆ ಶೆಡ್ಡಿನಲ್ಲಿದ್ದ ಬೇಲಿಯ ಹಲಗೆಗಳು ನೆನಪಾದವು. ಗೆದ್ದಲು ಮುಟ್ಟದಂತೆ ತಾಮ್ರದ ಮದ್ದು ಕುಡಿಸಿದ, ಹಸಿರು ಬಣ್ಣಕ್ಕೆ ತಿರುಗಿದ ಪೈನ್ ಮರ. ಆದರೂ ದೋಣಿಗೆ ಬೇಲಿಯ ಮರವೇ ಎಂದು ಅವನಿಗೆ ಸ್ವಲ್ಪ ಅನುಮಾನವಿತ್ತು. ಆ ಅನುಮಾನ ಕಳೆದವನು ಥೆಲ್ಮಾಳ ತಮ್ಮ ನೆವಿಲ್.

"ಬೇಡ ಭಾವ," ಎಂದ ನೆವಿಲ್. "ಉಪ್ಪುನೀರು ಬಿದ್ರೆ ಅದರಲ್ಲಿರೋ ತಾಮ್ರ ಅಲ್ಯೂಮಿನಿಯಂನ ತಿಂದುಹಾಕುತ್ತೆ."

ನೆವಿಲ್ ಹೇಳಿದ ಒಂದು ಮಾತೂ ಅದುವರೆಗೆ ನಿಜವಾಗಿರಲಿಲ್ಲ. ಇನ್ನು ಮುಂದೆ ಜನ ಕುರಿ ಬಿಟ್ಟು ಆಸ್ಟ್ರಿಚ್ ಪಕ್ಷಿ ತಿನ್ನುತ್ತಾರೆ ಎಂದವನು ಅವನು. ತನ್ನ ಮದುವೆಯ ದಿನ ಬೇರೆ ಯಾವುದೋ ಚರ್ಚಿನಲ್ಲಿ ಕಾದು ನಿಂತವನೂ ಅವನೇ.

"ಹಲಗೆ ದೋಣಿ ತಿನ್ನುತ್ತಾ?" ಎಂದ ಲೆಸ್ಟರ್. "ಇಷ್ಟು ವರ್ಷ ಕಂಬ ನೆಟ್ಟಿದೀನಿ ಮಾರಾಯ, ಒಂದೇ ಒಂದು ಕಂಬನೂ ಒಂದು ಕುರಿನ ತಿಂದಿಲ್ಲ."

ನೆವಿಲ್ ಬೇಡವೆಂದ ಮೇಲೆ ಸಂಶಯವೇನು? ಲೆಸ್ಟರ್ ಅಂದೇ ಗರಗಸ ಹಿಡಿದ. ಗೇಟಿನಂತೆ ಎತ್ತಿ ತೊಳೆಯಲು ಬರಲೆಂದು ಇಡೀ ನೆಲವನ್ನು ಒಂದೇ ತುಂಡಾಗಿ ಜೋಡಿಸಿ, ಸ್ಕ್ರೂ ಹಾಕದೆ ಕೂರಿಸಿದ. ಸದ್ದಾಗದಿರಲೆಂದು ಅಡಿಯಲ್ಲಿ ಮೀನುಪೆಟ್ಟಿಗೆಯ ಥರ್ಮಾಕೋಲನ್ನು ದಪ್ಪಗೆ ಅಂಟಿಸಿದ. ಥೆಲ್ಮಾ ಹತ್ತಿ ನಿಂತು ಕುಪ್ಪಳಿಸಿದಳು.

"ಹ್ಞೂಂ," ಎಂದಳು. ಅವಳ ಬಾಯಲ್ಲಿ ಅದು ಹೊಗಳಿಕೆ.

ಆ ವರ್ಷ ಅವರು ಕಾಣೆ ಹಿಡಿದರು, ನೆವಿಲ್‌ನನ್ನು ಆಡಿಕೊಂಡು ನಕ್ಕರು, ಲೆಸ್ಟರ್‌ನ ಸತ್ತ ತಾಯಿಯ ಬಗ್ಗೆ ಜಗಳವನ್ನೂ ಆಡಿದರು. ಅವನಿಗೆ ಬೇರೇನೂ ಬೇಕಿರಲಿಲ್ಲ.

ಮರುವರ್ಷ ಒಂದು ಬೆಳಿಗ್ಗೆ ದೋಣಿ ಕಟ್ಟುವ ಜೆಟ್ಟಿಯ ಹತ್ತಿರವೇ, ಐಸ್ ಪೆಟ್ಟಿಗೆಯ ಮೇಲೆ ಕೂತಿದ್ದ ಥೆಲ್ಮಾ ಕೆಳಗೆ ನೋಡಿದಳು.

"ಲೆಸ್ಟರ್, ನೆಲ ಮೇಲೆ ಬರ್ತಿದೆ."

ಹಿಂದೆ ಎಂಜಿನ್ ಹತ್ತಿರವಿದ್ದ ಲೆಸ್ಟರ್ ಬಗ್ಗಿ ನೋಡಿದ. "ನೆಲ ಬರ್ತಿಲ್ಲ. ದೋಣಿ ಹೋಗ್ತಿದೆ."

ದೋಣಿ ಗಲಾಟೆ ಮಾಡದೆ ಹೋಯಿತು. ತಾಮ್ರ ತಿಂದು ಜರಡಿಯಾಗಿದ್ದ ಅದರ ತಳ ಮರಳಿಗೆ ಕೂತಿತು; ಲೆಸ್ಟರ್ ಎದೆಮಟ್ಟದ ನೀರಿನಲ್ಲಿ ನಿಂತಿದ್ದ. ನೆಲ ಮಾತ್ರ ಥೆಲ್ಮಾ, ಐಸ್ ಪೆಟ್ಟಿಗೆ, ಸ್ಯಾಂಡ್‌ವಿಚ್ ತಟ್ಟೆಯ ಸಮೇತ ತೇಲುತ್ತಿತ್ತು.

ಜೆಟ್ಟಿಯ ಮೇಲೆ ಗಾಳ ಹಾಕಿದ್ದ ನೆವಿಲ್ ಎದ್ದು ನಿಂತ. ತನ್ನ ಮಾತು ನಿಜವಾಗಿ ಅವನಿಗೆ ಅಭ್ಯಾಸವಿರಲಿಲ್ಲ.

"ಭಾವ," ಎಂದ ಅಳುಕುತ್ತ, "ನಾನು... ಹೇಳಿದ್ದೆ ಅಲ್ವಾ?"

"ಹೇಳಿದ್ದೆ ಮಾರಾಯ, ಸಾಕು!"

ಲೆಸ್ಟರ್ ನೆಲವನ್ನು ಕೈಗಾಡಿಯಂತೆ ದಂಡೆಯ ಕಡೆ ತಳ್ಳತೊಡಗಿದ. ದೋಣಿ ಹೋದದ್ದು ಅವನಿಗೆ ಲೆಕ್ಕವಿರಲಿಲ್ಲ. ಇವಳು ಇನ್ನು ನೀರಿಗೆ ಬರುವುದಿಲ್ಲ, ಇನ್ನು ಟಿವಿಯೇ ಗತಿ ಎಂಬುದೇ ಅವನ ಚಿಂತೆ.

ಥೆಲ್ಮಾ ಹಿಮ್ಮಡಿಯಿಂದ ಹಲಗೆಯನ್ನು ಎರಡು ಸಲ ಗುದ್ದಿದಳು.

"ನೆಲಕ್ಕೆ ಏನೂ ಆಗಿಲ್ಲ."

"ಇಲ್ಲ," ಎಂದ ಲೆಸ್ಟರ್.

"ನಾನು ಕೇಳಿದ್ದು ನೆಲ ಒಂದೇ. ಇನ್ನು ಇದಕ್ಕೆ ಅಳತೆ ಸರಿಯಾಗೋ ದೋಣಿ ನೋಡು. ಮರದ್ದು."

ಲೆಸ್ಟರ್ ತಳ್ಳುವುದನ್ನು ನಿಲ್ಲಿಸಿದ. "ನೆವಿಲ್‌ನ ಒಂದ್ಮಾತು ಕೇಳ್ಲಾ?"

"ಬೇಡ. ಅವನ ಪಾಲಿನ ನಿಜ ಒಂದೇ, ಅದು ಮುಗೀತು," ಎಂದು ಥೆಲ್ಮಾ ಅವನ ಬಾಯಿಗೆ ಒಂದು ಸ್ಯಾಂಡ್‌ವಿಚ್ ತುರುಕಿದಳು. "ಎಡಕ್ಕೆ ತಳ್ಳು. ಅಲ್ಲಿ ಕಾಣೆ ಇದೆ."