ಬಾಗಿಲಲ್ಲಿ ನಿಂತಿದ್ದವಳು

ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಿ ಮೂರನೆಯ ದಿನ. ತಿ. ನರಸೀಪುರದ ಆ ಸಣ್ಣ ನರ್ಸಿಂಗ್ ಹೋಮಿನ ಹೆಂಗಸರ ವಾರ್ಡಿನಲ್ಲಿ ಆರು ಮಂಚ, ಒಂದು ಖಾಲಿ. ಮಂಚಗಳ ನಡುವೆ ಪರದೆ ಇರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಗಾಲಿಕುರ್ಚಿಯಲ್ಲಿ ಒಬ್ಬ ಮಂಗಳಮುಖಿಯನ್ನು ವಾರ್ಡಿನ ಬಾಗಿಲವರೆಗೆ ತಂದರು. ನಂಜನಗೂಡಿನ ಬಸ್ಸಿನಲ್ಲಿ ಚಪ್ಪಾಳೆ ತಟ್ಟಿ, ತಲೆ ಮುಟ್ಟಿ ಹರಸುತ್ತಿದ್ದ ಆಕೆಯನ್ನು ಎಷ್ಟೋ ಸಲ ನೋಡಿದ್ದೆ. ಈಗ ಆಸ್ತಮಾ ಹೆಚ್ಚಾಗಿ ಮಾತೇ ಹೊರಡುತ್ತಿರಲಿಲ್ಲ.

ಆಕ್ಸಿಜನ್ ಸಿಲಿಂಡರ್ ಖಾಲಿ ಮಂಚದ ಪಕ್ಕದಲ್ಲೇ ಇತ್ತು. ಎದುರು ಮಂಚದ ಬಾಣಂತಿ ಮಗುವಿನ ಬಾಯಿಂದ ಎದೆ ಬಿಡಿಸಿ ಸೆರಗು ಎಳೆದುಕೊಂಡಳು. "ಸಿಸ್ಟರ್, ಇದು ಹೆಂಗಸ್ರ ವಾರ್ಡ್ ಅಲ್ವಾ? ನಾನ್ ಹೆಂಗೆ ಹಾಲ್ ಕುಡಿಸ್ಲಿ?"

"ಗಂಡಸರ ವಾರ್ಡಿಗೆ ಹಾಕಣ್ವಾ?" ಎಂದರು ನರ್ಸ್. ಕುರ್ಚಿಯಲ್ಲಿದ್ದಾಕೆ ಬೇಡವೆಂದು ಜೋರಾಗಿ ತಲೆಯಾಡಿಸಿದಳು.

ರಾಜ್ಯಶಾಸ್ತ್ರ ಓದಿದ ನಾನು ಸುಮ್ಮನಿರಲಿಲ್ಲ. ಬಾಗಿಲಿಗೆ ಹೋಗಿ, "ಕಾನೂನಿದೆ ಸಿಸ್ಟರ್, ಅವರು ಹೆಂಗಸು ಅಂದ್ರೆ ಹೆಂಗಸೇ. ಒಂದ್ನಿಮಿಷ, ತೋರಿಸ್ತೀನಿ" ಎಂದು ಮೊಬೈಲ್ ತೆಗೆದೆ. ನೆಟ್‌ವರ್ಕ್ ಸಿಗಲಿಲ್ಲ. ಬಾಣಂತಿಯ ಅತ್ತೆ, "ಕಾನೂನ ನಿಮ್ಮನೇಲಿ ಮಡಿಕಳಿ. ನಮ್ಮುಡ್ಗಿ ನಾಚ್ಕೆ ಎಲ್ಲಿ ಮಡಿಕಬೇಕು?" ಎಂದಳು. ನಾನೂ ದನಿ ಏರಿಸಿದೆ.

ಮಲಗಿದಲ್ಲಿಂದಲೇ ಅಮ್ಮ ಕೂಗಿದಳು: "ಮಗಾ, ಬಾಗ್ಲು ಬುಡು! ಆಯಮ್ಮನ ತುಟಿ ನೋಡು!"

ತಿರುಗಿದೆ. ತುಟಿ ನೇರಳೆಯಾಗಿತ್ತು. ಗಾಲಿಕುರ್ಚಿಯ ಚಕ್ರ ನನ್ನ ಚಪ್ಪಲಿಗೆ ತಾಗಿ ನಿಂತಿತ್ತು. ಆಕೆಯ ಪರವಾಗಿ ವಾದ ಮಾಡುತ್ತ ದಾರಿಗೆ ಅಡ್ಡ ನಿಂತಿದ್ದವಳು ನಾನೇ.

ನಾನು ಸರಿದೆ. ನರ್ಸ್ ಕುರ್ಚಿ ನುಗ್ಗಿಸಿ ಮಾಸ್ಕ್ ಹಾಕಿದರು. ಅಮ್ಮ, "ಬ್ಯಾಗಲ್ಲಿ ಸೀರೆ ಐತೆ, ಕಟ್ಟು" ಎಂದಳು. ನಮ್ಮ ದೇವನೂರಿನಲ್ಲಿ ಬಾಣಂತಿ ಇರುವ ಮನೆಗೆ ನೆಂಟರು ತುಂಬಿಕೊಂಡರೆ ಹೀಗೇ ಸೀರೆ ಕಟ್ಟಿ ಮರೆ ಮಾಡುತ್ತಾರೆ. ಒಂದು ತುದಿಯನ್ನು ನಾನು ಕಿಟಕಿ ಸರಳಿಗೆ ಕಟ್ಟಿದೆ. ಇನ್ನೊಂದನ್ನು ಆ ಅತ್ತೆಯೇ ಡ್ರಿಪ್ ಸ್ಟ್ಯಾಂಡಿಗೆ ಗಂಟು ಹಾಕಿದಳು. ಮಾಸ್ಕಿನೊಳಗೆ ಉಸಿರು ಮಂಜು ಕಟ್ಟುವುದು ಕಾಣುವವರೆಗೆ ನಾನು ಆಕೆಯ ಮಂಚದ ಬದಿಯಲ್ಲೇ ನಿಂತಿದ್ದೆ.

ಸಂಜೆ ಆಕೆ ಎದ್ದು ಕೂತಳು. ಸೀರೆಯಾಚೆ ಮಗು ಅತ್ತದ್ದು ಕೇಳಿ, "ಗಂಡೋ ಹೆಣ್ಣೋ?" ಎಂದಳು.

"ಹೆಣ್ಣು ಕಣವ್ವ. ನಿನ್ ಬಾಯಲ್ಲಿ ಒಳ್ಳೇದಾಗ್ಲಿ ಅನ್ನು," ಅತ್ತೆ ನಕ್ಕಳು. ಬಾಣಂತಿ ಮಾತ್ರ ಬೇರೆ ಕೋಣೆ ಇರಬೇಕಿತ್ತು ಎಂದೇ ಅಂದಳು. ಅವಳ ಸಂಕೋಚವನ್ನು ನಾನೀಗ ತಳ್ಳಿಹಾಕುವುದಿಲ್ಲ. ಅಲ್ಲಿ ಈಗ ಪ್ರತಿ ಮಂಚಕ್ಕೂ ಹಸಿರು ಪರದೆ ಬಂದಿದೆಯಂತೆ, ಸಂತೋಷ. ಆದರೂ ಕೆಲವೊಮ್ಮೆ ಒಲೆ ಮುಂದೆ ನಿಂತಾಗ ಆ ತುಟಿ ಕಣ್ಣ ಮುಂದೆ ಬರುತ್ತದೆ. ಕಾಲಿಗೇನೋ ತಾಗಿದಂತಾಗಿ ಪಕ್ಕಕ್ಕೆ ಸರಿಯುತ್ತೇನೆ.

ಮೊನ್ನೆ ನಂಜನಗೂಡಿನ ಬಸ್ಸಿನ ಮೆಟ್ಟಿಲಲ್ಲಿ ನಿಂತಿದ್ದೆ. ಹಿಂದಿನಿಂದ ಚಪ್ಪಾಳೆ ಕೇಳಿಸಿತು.

"ಲಾಯರಮ್ಮ, ಇಲ್ಲೂ ಬಾಗ್ಲಲ್ಲೇ ನಿಂತ್ಕಂಡಿದ್ದೀಯಾ? ಒಳಿಕ್ ನಡಿ, ನಾನೂ ಬರ್ಬೇಕು!"

ಬಸ್ಸೆಲ್ಲ ನಕ್ಕಿತು. ನಾನು ಒಳಗೆ ಹೋಗಿ ಕೂತು, ಪಕ್ಕದಲ್ಲಿ ಆಕೆಗೆ ಜಾಗ ಬಿಟ್ಟೆ.